ಎಂಟು ಚುಕ್ಕಿಯ ಚೌಕದಲ್ಲಿ ಎರಡೇ ಬಣ್ಣ: ಹಳೆಯ ಕಂಪ್ಯೂಟರ್ ಪರದೆಯ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ 1980ರ ದಶಕದ ಮನೆ ಕಂಪ್ಯೂಟರ್‌ಗಳ ಬಗ್ಗೆ ಬರೆದಿದ್ದೆ. ಬಣ್ಣದ ವಿಷಯ ಅದರಲ್ಲಿ ಎರಡೇ ಸಾಲು ಇತ್ತು. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡು ಸಾಲಿನ ಬಗ್ಗೆಯೇ! ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನಿಂದಲೂ ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಬಣ್ಣಕ್ಕೇ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ನನ್ನ ಊರು ಸಿದ್ದಾಪುರದ ಹತ್ತಿರ. ಶಿರಸಿಯಲ್ಲಿ ಬಿಸಿಎ ಓದುತ್ತಿದ್ದೇನೆ. ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಹಸೆ ಗೋಡೆ ಚಿತ್ತಾರ ಬರೆಯುತ್ತಾರೆ. ಅದನ್ನು ಝಡ್ಎಕ್ಸ್ ಸ್ಪೆಕ್ಟ್ರಮ್ ಎಮ್ಯುಲೇಟರ್‌ನಲ್ಲಿ (ಆ ಹಳೆಯ ಕಂಪ್ಯೂಟರ್‌ನ ಹಾಗೆಯೇ ನಡೆಯುವ ಈಗಿನ ಪ್ರೋಗ್ರಾಂ) ಬರೆಯಲು ಹೊರಟೆ. ಕೆಂಪಿನ ಮೇಲೆ ಬಿಳಿ ಗೆರೆ ಚೆನ್ನಾಗಿ ಬಂತು. ಪಕ್ಕದಲ್ಲಿ ಒಂದು ಹಳದಿ ಚುಕ್ಕಿ ಇಟ್ಟ ಕೂಡಲೇ ಆಗಲೇ ಬರೆದಿದ್ದ ಬಿಳಿ ಗೆರೆಯ ಒಂದು ತುಂಡೂ ಹಳದಿಯಾಯಿತು. ನನ್ನ ಪ್ರೋಗ್ರಾಂ ತಪ್ಪೋ, ಎಮ್ಯುಲೇಟರ್ ತಪ್ಪೋ? (ಕಾಲೇಜು ವಿದ್ಯಾರ್ಥಿನಿ, ಶಿರಸಿ)

ಉತ್ತರ: ಎರಡೂ ತಪ್ಪಲ್ಲ ತಂಗೀ. ಆ ಯಂತ್ರ ಇದ್ದದ್ದೇ ಹಾಗೆ, ಎಮ್ಯುಲೇಟರ್ ಅದನ್ನು ಸರಿಯಾಗಿಯೇ ತೋರಿಸುತ್ತಿದೆ. ಇದು ಪೂರ್ತಿ ಲೆಕ್ಕದ ವಿಷಯ, ಒಮ್ಮೆ ಕೂತು ಲೆಕ್ಕ ಹಾಕಿದರೆ ನಿನಗೇ ಗೊತ್ತಾಗುತ್ತದೆ.

ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ತಂದ ಸ್ಪೆಕ್ಟ್ರಮ್‌ನ ಪರದೆಯಲ್ಲಿ ಅಡ್ಡಕ್ಕೆ 256 ಚುಕ್ಕಿ, ಉದ್ದಕ್ಕೆ 192. ಒಟ್ಟು 49,152. ಒಂದು ಚುಕ್ಕಿ ಹೊತ್ತಿದೆಯೋ ಆರಿದೆಯೋ ಅಂತ ನೆನಪಿಡಲು ಒಂದು ಬಿಟ್ ಸಾಕು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಲ್ಲಿಗೆ ಇಡೀ ಚಿತ್ರಕ್ಕೆ 6,144 ಬೈಟ್. ಇಲ್ಲಿಯವರೆಗೆ ಬಣ್ಣ ಇಲ್ಲ, ಬರೀ ಗೆರೆ.

ಈಗ ಪ್ರತಿ ಚುಕ್ಕಿಗೂ ಅದರದೇ ಬಣ್ಣ ಬೇಕು ಅಂದುಕೊ. 16 ಬಣ್ಣದಲ್ಲಿ ಒಂದನ್ನು ಹೇಳಲು ನಾಲ್ಕು ಬಿಟ್ ಬೇಕು. ಲೆಕ್ಕ ಸೀದಾ ನಾಲ್ಕು ಪಟ್ಟು ಏರಿ 24,576 ಬೈಟ್ ಆಗುತ್ತದೆ. ಕಡಿಮೆ ಬೆಲೆಯ ಸ್ಪೆಕ್ಟ್ರಮ್‌ನಲ್ಲಿ ಇದ್ದ ಒಟ್ಟು ಮೆಮೊರಿಯೇ 16 ಕೆಬಿ, ಅಂದರೆ 16,384 ಬೈಟ್. ಚಿತ್ರವೇ ಹಿಡಿಸುವುದಿಲ್ಲ, ಇನ್ನು ಪ್ರೋಗ್ರಾಂ ಎಲ್ಲಿ ಇಡುವುದು? 48 ಕೆಬಿಯ ದೊಡ್ಡ ಮಾದರಿಯಲ್ಲಿ ಹಿಡಿಸುತ್ತಿತ್ತು, ಆದರೆ ಅರ್ಧ ಜಾಗ ಅದಕ್ಕೇ ಹೋಗುತ್ತಿತ್ತು. ಮೇಲಾಗಿ ಆ ಯಂತ್ರದ ಝಡ್80 ಪ್ರೊಸೆಸರ್ ಓಡುತ್ತಿದ್ದದ್ದು 3.5 ಮೆಗಾಹರ್ಟ್ಸ್‌ನಲ್ಲಿ. ಆಟದಲ್ಲಿ ಒಂದು ಗೊಂಬೆ ಸರಿಸಲು ನಾಲ್ಕು ಪಟ್ಟು ಬೈಟ್ ಹೊತ್ತು ಹಾಕಬೇಕು ಅಂದರೆ ಗೊಂಬೆ ತೆವಳುತ್ತಿತ್ತು ಅಷ್ಟೆ.

ಅದಕ್ಕೆ ಅವರು ಮಾಡಿದ ಉಪಾಯ ಇದು. ಪರದೆಯನ್ನು ಎಂಟಕ್ಕೆ ಎಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸಿದರು. ಅಡ್ಡ 32, ಉದ್ದ 24, ಒಟ್ಟು 768 ಚೌಕ. ಚೌಕಕ್ಕೆ ಒಂದೇ ಒಂದು ಬೈಟ್ ಬಣ್ಣ. 6,144ಕ್ಕೆ 768 ಸೇರಿಸಿದರೆ 6,912 ಬೈಟ್. ಇಡೀ ಬಣ್ಣದ ಪರದೆ ಏಳು ಕೆಬಿಯ ಒಳಗೆ ಮುಗಿಯಿತು. ನನ್ನ ಮಟ್ಟಿಗೆ ಆ ಕಾಲದ ಅತಿ ಒಳ್ಳೆಯ ಉಪಾಯಗಳಲ್ಲಿ ಇದೂ ಒಂದು.

ಆ ಒಂದು ಬೈಟ್ ಒಳಗೆ ಏನಿದೆ ನೋಡು. ಮೂರು ಬಿಟ್ ಗೆರೆಯ ಬಣ್ಣಕ್ಕೆ, ಮೂರು ಬಿಟ್ ಹಿಂದಿನ ಬಣ್ಣಕ್ಕೆ, ಒಂದು ಹೊಳಪಿಗೆ, ಒಂದು ಮಿನುಗಲಿಕ್ಕೆ. ಅಂದರೆ ಚೌಕದೊಳಗಿನ 64 ಚುಕ್ಕಿಗಳಿಗೆ ಸೇರಿ ಎರಡೇ ಬಣ್ಣ. ನೀನು ಕೆಂಪು-ಬಿಳಿ ಇದ್ದ ಚೌಕದಲ್ಲಿ ಹಳದಿ ಚುಕ್ಕಿ ಇಟ್ಟೆ. ಯಂತ್ರ ಆ ಚೌಕದ ಗೆರೆ ಬಣ್ಣವನ್ನೇ ಹಳದಿ ಮಾಡಿತು. ಅದೇ ಚೌಕದಲ್ಲಿದ್ದ ಬಿಳಿ ಗೆರೆಗೆ ಬೇರೆ ದಾರಿಯೇ ಇಲ್ಲ, ಅದೂ ಹಳದಿಯಾಯಿತು. ಪಕ್ಕದ ಚೌಕದಲ್ಲಿ ಅದೇ ಗೆರೆ ಬಿಳಿಯಾಗಿಯೇ ಉಳಿದಿರುತ್ತದೆ, ಸರಿಯಾಗಿ ನೋಡು.

ನಿನ್ನ ಚಿತ್ತಾರಕ್ಕೆ ಇದು ತೊಂದರೆಯೇ ಅಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಗೋಡೆಯ ಮೇಲೆ ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಅರೆದ ಬಿಳಿಯ ಎಳೆ. ಚಿತ್ರದ ಮುಕ್ಕಾಲು ಪಾಲು ಎರಡೇ ಬಣ್ಣ. ಅಲ್ಲೆಲ್ಲ ಓರೆ ಗೆರೆ, ಸಣ್ಣ ಗೆರೆ, ಏನು ಬೇಕಾದರೂ ಬರಿ, ಒಂದು ಚುಕ್ಕಿಯೂ ಕೆಡುವುದಿಲ್ಲ. ಹುರಿದ ಅಕ್ಕಿಯ ಕಪ್ಪು, ಹಳದಿ ಬರುವ ಕಡೆ ಮಾತ್ರ ಎಚ್ಚರ ಬೇಕು. ಹಳದಿ ಪಟ್ಟಿ ಶುರುವಾಗುವ ಜಾಗ ಎಂಟರ ಮಗ್ಗಿಯಲ್ಲಿ ಇರಲಿ. 8, 16, 24 ಹೀಗೆ. ಅಗಲವೂ ಎಂಟು ಅಥವಾ ಹದಿನಾರು. ಆ ಚೌಕಗಳಲ್ಲಿ ಕೆಂಪು ಮತ್ತು ಹಳದಿ ಮಾತ್ರ ಇರಲಿ, ಬಿಳಿ ಎಳೆ ಅಲ್ಲಿಗೆ ಬರುವ ಮೊದಲೇ ನಿಲ್ಲಲಿ. ಎಂಟು ಚುಕ್ಕಿಗೆ ಒಂದು ದಪ್ಪ ಗೀಟು ಎಳೆದ ಗ್ರಾಫ್ ಹಾಳೆ ಇಟ್ಟುಕೊಂಡು ಮೊದಲು ಪೆನ್ಸಿಲ್‌ನಲ್ಲಿ ಬರಿ.

ಇನ್ನೊಂದು ಕಷ್ಟ ನಿನಗೆ ಬಂದೇ ಬರುತ್ತದೆ, ಈಗಲೇ ಹೇಳುತ್ತೇನೆ. ಹೊಳಪಿನ ಬಿಟ್ ಒಂದೇ ಇರುವುದು, ಅದು ಚೌಕದ ಎರಡೂ ಬಣ್ಣಕ್ಕೆ ಸೇರಿ. ಕೆಮ್ಮಣ್ಣಿನ ಮಂದ ಕೆಂಪೂ ಬೇಕು, ಅಕ್ಕಿ ಹಿಟ್ಟಿನ ಬೆಳ್ಳಗಿನ ಬಿಳಿಯೂ ಬೇಕು ಅಂದರೆ ಒಂದೇ ಚೌಕದಲ್ಲಿ ಸಿಗುವುದಿಲ್ಲ. ಹೊಳಪು ಹಾಕಿದರೆ ಬಿಳಿ ಸರಿಯಾಗಿ ಬರುತ್ತದೆ, ಆದರೆ ಕೆಂಪು ಕಣ್ಣಿಗೆ ಕುಕ್ಕುತ್ತದೆ. ಹೊಳಪು ತೆಗೆದರೆ ಕೆಂಪು ಮಣ್ಣಿನ ಹತ್ತಿರಕ್ಕೆ ಬರುತ್ತದೆ, ಬಿಳಿ ಸ್ವಲ್ಪ ಬೂದಿಯಾಗುತ್ತದೆ. ನಾನಾದರೆ ಹೊಳಪು ತೆಗೆದೇ ಬರೆಯುತ್ತೇನೆ. ಹಳೆಯ ಗೋಡೆಯ ಚಿತ್ತಾರಕ್ಕೆ ಅದೇ ಒಪ್ಪುತ್ತದೆ.

ಲೆಕ್ಕದ ದಾರಿಯಲ್ಲೇ ಹೋಗುವುದಾದರೆ ಬಣ್ಣದ ಬೈಟ್‌ಗಳು ಮೆಮೊರಿಯಲ್ಲಿ 22528ನೇ ಮನೆಯಿಂದ ಶುರು. ಸಾಲನ್ನು 32ರಿಂದ ಗುಣಿಸಿ, ಅದಕ್ಕೆ ಕಾಲಂ ಸೇರಿಸಿ, 22528 ಕೂಡಿಸಿದರೆ ನಿನಗೆ ಬೇಕಾದ ಚೌಕ ಸಿಗುತ್ತದೆ. ಎರಡೂ ಎಣಿಕೆ ಸೊನ್ನೆಯಿಂದ. ಅಲ್ಲಿಗೆ 23 ಅಂತ ಪೋಕ್ ಮಾಡಿದರೆ (ಅಂದರೆ ಆ ಮನೆಗೆ ನೇರವಾಗಿ ಸಂಖ್ಯೆ ತುಂಬಿದರೆ) ಕೆಂಪಿನ ಮೇಲೆ ಬಿಳಿ. 22 ಅಂದರೆ ಕೆಂಪಿನ ಮೇಲೆ ಹಳದಿ. 16 ಅಂದರೆ ಕೆಂಪಿನ ಮೇಲೆ ಕಪ್ಪು. ಹೊಳಪು ಬೇಕಾದರೆ ಯಾವುದಕ್ಕಾದರೂ 64 ಕೂಡಿಸು. ಬರೆದು ಮುಗಿದ ಮೇಲೆ ನಮಗೂ ಒಂದು ಪ್ರತಿ ಕಳಿಸು, ಅಜ್ಜಿಗೂ ತೋರಿಸು.

ಪ್ರಶ್ನೆ: ಹಳೆಯ ಸ್ಪೆಕ್ಟ್ರಮ್ ಆಟಗಳನ್ನು ಎಮ್ಯುಲೇಟರ್‌ನಲ್ಲಿ ಹಾಕಿದಾಗ ಚಿತ್ರ ಮೊದಲು ಕಪ್ಪು-ಬಿಳುಪಾಗಿ ಬರುತ್ತದೆ, ಅದೂ ಮೂರು ಕಂತಿನಲ್ಲಿ. ಕೊನೆಗೆ ಒಮ್ಮೆಲೇ ಬಣ್ಣ ತುಂಬಿಕೊಳ್ಳುತ್ತದೆ. ಬೇಕಂತಲೇ ಹಾಗೆ ಮಾಡಿದ್ದಾ? (ಹೊನ್ನಾವರ)

ಉತ್ತರ: ಬೇಕಂತ ಮಾಡಿದ್ದಲ್ಲ. ಮೇಲಿನ ಉತ್ತರದಲ್ಲಿ ಹೇಳಿದ 6,144 ಮತ್ತು 768 ಇವೆಯಲ್ಲ, ಕ್ಯಾಸೆಟ್‌ನಿಂದ ಬೈಟ್‌ಗಳು ಅದೇ ಕ್ರಮದಲ್ಲಿ ಇಳಿಯುತ್ತವೆ. ಮೊದಲು ಗೆರೆ, ಆಮೇಲೆ ಬಣ್ಣ. ಪರದೆಯ ಮೆಮೊರಿಯನ್ನು ಮೇಲಿನ, ನಡುವಿನ, ಕೆಳಗಿನ ಅಂತ ಮೂರು ಭಾಗ ಮಾಡಿಟ್ಟಿದ್ದಾರೆ. ಒಂದೊಂದು ಭಾಗದ ಒಳಗೂ ಸಾಲುಗಳು ಎಂಟೆಂಟು ಬಿಟ್ಟು ಬರುತ್ತವೆ. ಹಾಗಾಗಿ ಚಿತ್ರ ಮೊದಲು ಕಿಟಕಿಯ ಸರಳಿನ ಹಾಗೆ ಕಂಡು ಆಮೇಲೆ ತುಂಬಿಕೊಳ್ಳುತ್ತದೆ. ಇಡೀ ಚಿತ್ರ ಇಳಿಯಲು ಮುಕ್ಕಾಲು ನಿಮಿಷದೊಳಗೆ ಬೇಕು, ಅದರಲ್ಲಿ ಬಣ್ಣಕ್ಕೆ ನಾಲ್ಕೈದು ಸೆಕೆಂಡ್ ಮಾತ್ರ. ಆ ನಾಲ್ಕೈದು ಸೆಕೆಂಡ್ ನೋಡಲು ನಾನು ಈಗಲೂ ಕಾಯುತ್ತೇನೆ. ಚೌಕ ಚೌಕವಾಗಿ ಎಡದಿಂದ ಬಲಕ್ಕೆ ಬಣ್ಣ ಓಡುತ್ತಾ ಹೋಗುವುದು ಬಹಳ ಚಂದ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಎಂಬತ್ತರ ದಶಕದಲ್ಲಿ ನಾನಿದ್ದ ಶಾಲೆಗೆ ಸರ್ಕಾರದ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಬಂದಿತ್ತು. ಬಣ್ಣ ಜಾಸ್ತಿ ಬೇಕು ಅಂತ ಮೋಡ್ ಬದಲಿಸಿದರೆ ಅಕ್ಷರ ದಪ್ಪವಾಗುತ್ತಿತ್ತು. ಮಕ್ಕಳು ಯಾಕೆ ಅಂತ ಕೇಳುತ್ತಿದ್ದರು, ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲಾದರೂ ಹೇಳಿ. (ಕಾರವಾರ)

ಉತ್ತರ: ಮಾಸ್ತರ್ರೇ, ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ಶಾಲೆಗಳಿಗೆ ಕಂಪ್ಯೂಟರ್ ಕೊಡಲು 1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕ್ಲಾಸ್ ಯೋಜನೆಯಲ್ಲಿ ಬಂದ ಯಂತ್ರ ಅದು. ಬ್ರಿಟನ್ನಿನ ಏಕಾರ್ನ್ ಕಂಪನಿಯದು. ಮಾಡೆಲ್ ಬಿ ಅಂದರೆ ಒಟ್ಟು ಮೆಮೊರಿ 32 ಕೆಬಿ.

ಏಕಾರ್ನ್‌ನವರು ಚೌಕದ ಉಪಾಯಕ್ಕೆ ಹೋಗಲಿಲ್ಲ. ಪ್ರತಿ ಚುಕ್ಕಿಗೂ ಅದರದೇ ಬಣ್ಣ ಕೊಟ್ಟರು. ಹಾಗಾಗಿ ಬಣ್ಣ ಪಕ್ಕಕ್ಕೆ ಹರಿಯುವ ತೊಂದರೆ ಇಲ್ಲ. ಆದರೆ ಜಾಗ ಒಂದೇ, 20 ಕೆಬಿ. ತಿಂಗಳ ಸಂಬಳ ಒಂದೇ ಇರುವಾಗ ಅಕ್ಕಿಗೆ ಜಾಸ್ತಿ ಹೋದರೆ ಬಟ್ಟೆಗೆ ಕಡಿಮೆ ಉಳಿಯುವ ಹಾಗೆ, ಇಲ್ಲಿ ಬಣ್ಣಕ್ಕೆ ಜಾಸ್ತಿ ಕೊಟ್ಟರೆ ಚುಕ್ಕಿ ಕಡಿಮೆ. ಮೋಡ್ 0ಯಲ್ಲಿ ಅಡ್ಡಕ್ಕೆ 640 ಚುಕ್ಕಿ, ಎರಡು ಬಣ್ಣ, ಒಂದು ಸಾಲಿಗೆ 80 ಅಕ್ಷರ. ಮೋಡ್ 1ರಲ್ಲಿ 320 ಚುಕ್ಕಿ, ನಾಲ್ಕು ಬಣ್ಣ, 40 ಅಕ್ಷರ. ಮೋಡ್ 2ರಲ್ಲಿ 160 ಚುಕ್ಕಿ, ಎಂಟು ಬಣ್ಣ, ಜೊತೆಗೆ ಮಿನುಗುವ ಎಂಟು, ಸಾಲಿಗೆ 20 ಅಕ್ಷರ. ಮೂರಕ್ಕೂ ಉದ್ದಕ್ಕೆ 256 ಸಾಲು. ಮೂರನ್ನೂ ಗುಣಿಸಿ ನೋಡಿ, ಎಲ್ಲವೂ ಸರಿಯಾಗಿ 20,480 ಬೈಟ್‌ಗೇ ಬರುತ್ತದೆ. ಟಿವಿಯ ಅಗಲ ಮಾತ್ರ ಅಷ್ಟೇ ಅಲ್ವಾ, ಚುಕ್ಕಿ ಕಡಿಮೆಯಾದಾಗ ಒಂದೊಂದು ಚುಕ್ಕಿಯೂ ಅಗಲವಾಯಿತು, ಅಕ್ಷರ ದಪ್ಪವಾಯಿತು.

ಇನ್ನೊಂದು ಪೆಟ್ಟೂ ಇತ್ತು. ಪರದೆಗೆ 20 ಕೆಬಿ ಹೋಗಿ, ಯಂತ್ರದ ಸ್ವಂತ ಕೆಲಸಕ್ಕೆ ಸ್ವಲ್ಪ ಹೋಗಿ, ಬೇಸಿಕ್ ಪ್ರೋಗ್ರಾಂ ಬರೆಯಲು ಉಳಿಯುತ್ತಿದ್ದದ್ದು ಎಂಟೂವರೆ ಕೆಬಿ. ಫ್ಲಾಪಿ ಡ್ರೈವ್ ಹಾಕಿದ್ದರೆ ಇನ್ನೂ ಕಡಿಮೆ. ದೊಡ್ಡ ಪ್ರೋಗ್ರಾಂ ಮೋಡ್ 2ಕ್ಕೆ ಹೋದ ಕೂಡಲೇ ಜಾಗ ಇಲ್ಲ ಅಂತ ನಿಂತುಬಿಡುತ್ತಿದ್ದದ್ದು ಇದಕ್ಕೇ.

ಅದಕ್ಕೆ ಶಾಲೆಗಳಲ್ಲಿ ಹೆಚ್ಚು ಓಡಿದ್ದು ಮೋಡ್ 7. ಅದಕ್ಕೆ ಬರೀ ಒಂದು ಕೆಬಿ! ಅಲ್ಲಿ ಚುಕ್ಕಿಯನ್ನು ನೆನಪಿಡುವುದೇ ಇಲ್ಲ, ಅಕ್ಷರದ ಸಂಖ್ಯೆಯನ್ನು ಮಾತ್ರ ನೆನಪಿಡುತ್ತದೆ, ಬರೆಯುವ ಕೆಲಸ ಟೆಲಿಟೆಕ್ಸ್ಟ್‌ನ (ಟಿವಿಯಲ್ಲಿ ಅಕ್ಷರದ ಪುಟ ತೋರಿಸುವ ಪದ್ಧತಿ) ಬೇರೆ ಚಿಪ್‌ನದು. ಬಣ್ಣ ಬದಲಿಸಲು ನಡುವೆ ಒಂದು ಗುಟ್ಟಿನ ಅಕ್ಷರ ಹಾಕಬೇಕು, ಅದು ಒಂದು ಅಕ್ಷರದ ಜಾಗ ತಿನ್ನುತ್ತದೆ. ಕೆಂಪು ಪದಕ್ಕೂ ಹಸಿರು ಪದಕ್ಕೂ ನಡುವೆ ಯಾವಾಗಲೂ ಒಂದು ಖಾಲಿ ಜಾಗ ಇರುತ್ತಿತ್ತು, ನಿಮಗೆ ನೆನಪಿರಬಹುದು. ನಿಮ್ಮ ಹಳೆಯ ವಿದ್ಯಾರ್ಥಿಗಳು ಎಲ್ಲಾದರೂ ಸಿಕ್ಕರೆ ಈ ಲೆಕ್ಕ ಅವರಿಗೂ ಹೇಳಿ.

ಪ್ರಶ್ನೆ: ನಮ್ಮ ಅಪ್ಪನ ಕಾಲದಲ್ಲಿ ಮನೆಯಲ್ಲಿ ಇದ್ದದ್ದು ಕಪ್ಪು-ಬಿಳುಪು ಟಿವಿ. ಅದಕ್ಕೆ ಕಂಪ್ಯೂಟರ್ ಜೋಡಿಸಿದರೆ ಬಣ್ಣಗಳೆಲ್ಲ ಒಂದೇ ತರಹ ಕಾಣುತ್ತಿರಲಿಲ್ಲವೇ? (ಶಿರಸಿ)

ಉತ್ತರ: ಇಲ್ಲ, ಅದನ್ನು ಯೋಚಿಸಿಯೇ ಮಾಡಿದ್ದಾರೆ. ನಮ್ಮಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ಆಮೇಲೂ ಎಷ್ಟೋ ವರ್ಷ ಹೆಚ್ಚಿನ ಮನೆಗಳಲ್ಲಿ ಕಪ್ಪು-ಬಿಳುಪೇ ಇತ್ತು. ಸ್ಪೆಕ್ಟ್ರಮ್‌ನಲ್ಲಿ ಬಣ್ಣಗಳ ಸಂಖ್ಯೆ ನೋಡಿ: 0 ಕಪ್ಪು, 1 ನೀಲಿ, 2 ಕೆಂಪು, 3 ಮಜೆಂಟಾ (ಗಾಢ ಗುಲಾಬಿ), 4 ಹಸಿರು, 5 ಸಯಾನ್ (ತೆಳು ನೀಲಿ), 6 ಹಳದಿ, 7 ಬಿಳಿ. ಟಿವಿ ಬಣ್ಣವನ್ನು ಬೂದಿಗೆ ಇಳಿಸುವಾಗ ಹಸಿರಿಗೆ ನೂರಕ್ಕೆ ಸುಮಾರು 59 ಪಾಲು, ಕೆಂಪಿಗೆ 30, ನೀಲಿಗೆ 11 ಕೊಡುತ್ತದೆ. ಕೂಡಿಸಿದರೆ ಕ್ರಮವಾಗಿ 0, 11, 30, 41, 59, 70, 89, 100. ಅಂದರೆ ಸಂಖ್ಯೆ ಏರಿದ ಹಾಗೆ ಬೂದಿಯ ಬೆಳಕೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಿಮ್ಮ ಅಪ್ಪನ ಟಿವಿಯಲ್ಲಿ ಎಂಟು ಬೇರೆ ಬೇರೆ ಬೂದಿ ಕಾಣುತ್ತಿತ್ತು. ಆದರೆ ಹಳದಿಯ ಮೇಲೆ ಬಿಳಿ ಬರೆದರೆ ಓದಲು ಕಷ್ಟ, ಅಷ್ಟು ಮಾತ್ರ.

ಪ್ರಶ್ನೆ: ಡಾಸ್ ಕಾಲದ ಆಟಗಳೆಲ್ಲ ಯಾಕೆ ಅದೇ ತೆಳು ನೀಲಿ, ಅದೇ ಗುಲಾಬಿ? ಯಕ್ಷಗಾನದ ಒಂದು ಫೋಟೋವನ್ನು ಆ ಬಣ್ಣಕ್ಕೆ ಇಳಿಸಿ ನೋಡಿದೆ. ಕೆಂಪು ಮುಂಡಾಸು, ಹಳದಿ ಕವಚ ಎಲ್ಲ ಗುಲಾಬಿಯಾಗಿ ಹೋಯಿತು. ನೋಡಲಾಗಲಿಲ್ಲ. (ಕುಮಟಾ)

ಉತ್ತರ: ನನಗೂ ನೋಡಲಾಗುವುದಿಲ್ಲ ಮಾರಾಯ್ರೇ. ಅದು ಐಬಿಎಂ 1981ರಲ್ಲಿ ಪಿಸಿ ಜೊತೆ ತಂದ, ಪರದೆಗೆ ಚಿತ್ರ ಕಳಿಸುವ ಸಿಜಿಎ ಕಾರ್ಡ್. ಕಾರ್ಡ್ ಮೇಲೆ 16 ಕೆಬಿ ಮೆಮೊರಿ. ಅಡ್ಡ 320, ಉದ್ದ 200 ಚುಕ್ಕಿಗೆ ಎರಡೆರಡು ಬಿಟ್ ಕೊಟ್ಟರೆ 16,000 ಬೈಟ್, ಪೂರ್ತಿ ತುಂಬಿತು. ಎರಡು ಬಿಟ್ ಅಂದರೆ ನಾಲ್ಕೇ ಬಣ್ಣ. ಅಲ್ಲಿಯವರೆಗೆ ನನಗೆ ತಕರಾರಿಲ್ಲ, ಲೆಕ್ಕ ಲೆಕ್ಕವೇ.

ಆದರೆ ಯಾವ ನಾಲ್ಕು ಅನ್ನುವುದನ್ನು ಪ್ರೋಗ್ರಾಂ ಬರೆಯುವವರಿಗೆ ಬಿಡಬಹುದಿತ್ತು. ಬಿಡಲಿಲ್ಲ. ಎರಡು ಬಿಟ್‌ಗಳಲ್ಲಿ ಒಂದು ಹಸಿರಿನ ತಂತಿಗೆ, ಇನ್ನೊಂದು ಕೆಂಪಿನ ತಂತಿಗೆ ಹೋಗುತ್ತದೆ. ನೀಲಿಯ ತಂತಿ ಚಿತ್ರದುದ್ದಕ್ಕೂ ಒಂದೋ ಹೊತ್ತಿರುತ್ತದೆ, ಇಲ್ಲವೋ ಆರಿರುತ್ತದೆ. ನೀಲಿ ಆರಿದ್ದರೆ ಹಸಿರು, ಕೆಂಪು, ಎರಡೂ ಸೇರಿ ಕಂದು ಅಥವಾ ಹಳದಿ. ನೀಲಿ ಹೊತ್ತಿದ್ದರೆ ಎಲ್ಲಕ್ಕೂ ನೀಲಿ ಸೇರಿಕೊಂಡು ಸಯಾನ್, ಮಜೆಂಟಾ, ಬಿಳಿ. ಹಿನ್ನೆಲೆಯ ಬಣ್ಣ ಒಂದನ್ನು ಮಾತ್ರ ಹದಿನಾರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಬಿಳಿ ಬೇಕು ಅಂದವರು ಸಯಾನ್-ಮಜೆಂಟಾ ತೆಗೆದುಕೊಳ್ಳಲೇಬೇಕು. ಆಟ ಬರೆಯುವವರಿಗೆ ಬಿಳಿ ಬೇಕೇ ಬೇಕಲ್ಲ, ಅಂಕ ಬರೆಯಲು, ಮುಖ ಬರೆಯಲು. ಅದಕ್ಕೇ ಎಲ್ಲ ಕಡೆ ಅದೇ ಗುಲಾಬಿ.

ನಿಮ್ಮ ಫೋಟೋವನ್ನು ನೀಲಿ ಆರಿದ ಬಣ್ಣದ ಗುಂಪಿನಲ್ಲಿ ಹಾಕಿ ನೋಡಿ. ಹಿನ್ನೆಲೆ ಕಪ್ಪು ಇಡಿ. ರಂಗಸ್ಥಳದ ರಾತ್ರಿ ಕಪ್ಪು, ಮುಂಡಾಸಿಗೆ ಕೆಂಪು, ಕವಚಕ್ಕೆ ಹಳದಿ. ಬಡಗುತಿಟ್ಟಿನ ವೇಷಕ್ಕೆ ಈ ಗುಂಪು ಎಷ್ಟೋ ಹತ್ತಿರ. ಬಿಳಿ ಸಿಗುವುದಿಲ್ಲ, ಅದನ್ನು ಹಳದಿಯಿಂದಲೇ ತೂಗಿಸಬೇಕು. 1984ರ ಇಜಿಎ ಕಾರ್ಡ್ 64 ಬಣ್ಣದಲ್ಲಿ 16 ಆರಿಸಲು ಬಿಟ್ಟಿತು. 1987ರ ವಿಜಿಎ 2,62,144 ಬಣ್ಣದಲ್ಲಿ 256 ಕೊಟ್ಟಿತು. ಮೆಮೊರಿ ಅಗ್ಗವಾದ ಹಾಗೆ ಬಣ್ಣವೂ ಬಂತು.

ಪ್ರಶ್ನೆ: ನಮ್ಮ ಮಾಮ ಗಲ್ಫ್‌ನಿಂದ ತಂದ ಸಖ್ರ್ ಕಂಪ್ಯೂಟರ್ ಇನ್ನೂ ಮನೆಯಲ್ಲಿದೆ, ಅರಬ್ಬಿ ಕೀಬೋರ್ಡಿನದು. ಅದರ ಚಿತ್ರ ಸ್ಪೆಕ್ಟ್ರಮ್‌ಗಿಂತ ಚೊಕ್ಕ ಅನಿಸುತ್ತದೆ. ಆದರೆ ಒಂದೇ ಸಾಲಿನಲ್ಲಿ ಜಾಸ್ತಿ ಗೊಂಬೆ ಬಂದರೆ ಕೆಲವು ಮಾಯವಾಗುತ್ತವೆ. (ಭಟ್ಕಳ)

ಉತ್ತರ: ಜೋಪಾನವಾಗಿ ಇಟ್ಟುಕೊಳ್ಳಿ, ನಮ್ಮ ಕಡೆ ಅಪರೂಪದ ಯಂತ್ರ ಅದು. ಸಖ್ರ್ ಅಂದರೆ ಕುವೈತಿನ ಅಲ್ ಆಲಮಿಯಾ ಕಂಪನಿಯದು, ಬೇರೆ ಬೇರೆ ಕಂಪನಿಗಳು ಒಂದೇ ಮಾದರಿಯಲ್ಲಿ ಮಾಡಿದ ಎಂಎಸ್ಎಕ್ಸ್ ಮನೆ ಕಂಪ್ಯೂಟರ್‌ಗಳ ಗುಂಪಿಗೆ ಸೇರಿದ್ದು. ಎಂಎಸ್ಎಕ್ಸ್ ಮೊದಲ ಪೀಳಿಗೆಯಲ್ಲಿ ಚಿತ್ರಕ್ಕೆ ಅಂತಲೇ ಬೇರೆ ಚಿಪ್, ಅದಕ್ಕೆ ಬೇರೆಯೇ 16 ಕೆಬಿ ಮೆಮೊರಿ. ಪ್ರೋಗ್ರಾಂ ಜಾಗವನ್ನು ಅದು ಮುಟ್ಟುವುದೇ ಇಲ್ಲ. ಹಾಗಾಗಿ ಬಣ್ಣಕ್ಕೆ ಕೈ ಬಿಚ್ಚಿ ಕೊಡಲು ಆಯಿತು. ಚುಕ್ಕಿಗೆ 6,144 ಬೈಟ್, ಬಣ್ಣಕ್ಕೂ ಅಷ್ಟೇ 6,144. ಎಂಟಕ್ಕೆ ಎಂಟರ ಚೌಕದ ಬದಲು ಅಡ್ಡಕ್ಕೆ ಎಂಟು ಚುಕ್ಕಿಯ ಒಂದೊಂದು ಗೆರೆಗೂ ಎರಡು ಬಣ್ಣ. ಅಂದರೆ ಮೇಲೆ-ಕೆಳಗೆ ಬಣ್ಣ ಬೇಕಾದ ಹಾಗೆ ಬದಲಿಸಬಹುದು, ಅಕ್ಕಪಕ್ಕ ಮಾತ್ರ ತೊಡಕು. ಸೂರ್ಯ ಮುಳುಗುವ ಕಡಲು ಬರೆಯಲು ಇದು ಹೇಳಿ ಮಾಡಿಸಿದ್ದು, ಒಂದೊಂದು ಸಾಲಿಗೂ ಬೇರೆ ಬಣ್ಣ ಹಾಕುತ್ತಾ ಇಳಿಯಬಹುದು.

ಗೊಂಬೆ ಮಾಯವಾಗುವುದಕ್ಕೆ ಕಾರಣ ಬೇರೆ. ಅವು ಚಿತ್ರದ ಮೇಲೆ ಬೇರೆಯಾಗಿ ತೇಲುವ ಸ್ಪ್ರೈಟ್‌ಗಳು. ಒಟ್ಟು 32 ಇಡಬಹುದು, ಒಂದೊಂದಕ್ಕೂ ಒಂದೇ ಬಣ್ಣ. ಪರದೆಯ ಒಂದು ಗೆರೆ ಬರೆಯಲು ಸಿಗುವ ಕಿರು ಸಮಯದಲ್ಲಿ ಆ ಚಿಪ್ ನಾಲ್ಕು ಸ್ಪ್ರೈಟ್ ಮಾತ್ರ ಓದಿಕೊಳ್ಳಬಲ್ಲದು. ಐದನೆಯದು ಅದೇ ಸಾಲಿಗೆ ಬಂದರೆ ಕಾಣುವುದಿಲ್ಲ. ಜಾಣ ಪ್ರೋಗ್ರಾಮರ್‌ಗಳು ಪ್ರತಿ ಸಲ ಬೇರೆ ಬೇರೆ ಗೊಂಬೆಗೆ ಪಾಳಿ ಕೊಡುತ್ತಿದ್ದರು, ಅದಕ್ಕೆ ಅವು ಮಿನುಗಿದ ಹಾಗೆ ಕಾಣುತ್ತವೆ. ಅದೇ ಕಾಲದ ಕಮೊಡೋರ್ 64 ಎಂಬ ಕಂಪ್ಯೂಟರ್ ಎಂಟೇ ಸ್ಪ್ರೈಟ್ ಕೊಟ್ಟರೂ ಎಂಟನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತಿತ್ತು. ಅದರ 16 ಬಣ್ಣಗಳಲ್ಲಿ ಕಂದು ಎರಡು ತರಹ ಅನ್ನಬಹುದು, ಬೂದಿ ಮೂರು ತರಹ. ನನಗೆ ಆ ಯಂತ್ರದ ಮೇಲೆ ಪ್ರೀತಿ ಜಾಸ್ತಿ ಇರುವುದು ಆ ಮಂದ ಬಣ್ಣಗಳಿಗಾಗಿಯೇ.

ಪ್ರಶ್ನೆ: ಆಪಲ್ ಟೂ ಯಂತ್ರದಲ್ಲಿ ಬಣ್ಣದ ಮೆಮೊರಿಯೇ ಇರಲಿಲ್ಲ, ಆದರೂ ಬಣ್ಣ ಬರುತ್ತಿತ್ತು ಅಂತ ಓದಿದೆ. ಅದು ಹೇಗೆ? ನಮ್ಮ ಟಿವಿಯಲ್ಲಿ ಬರುತ್ತದಾ? (ಯಲ್ಲಾಪುರ)

ಉತ್ತರ: 1977ರ ಯಂತ್ರ, ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಅವರ ಕೆಲಸ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಟಿವಿ ಬಣ್ಣವನ್ನು ಗುರುತಿಸುವುದು 3.58 ಮೆಗಾಹರ್ಟ್ಸ್‌ನ ಒಂದು ಅಲೆಯಿಂದ. ವೋಜ್ನಿಯಾಕ್ ಚುಕ್ಕಿಗಳ ವೇಗವನ್ನು ಸರಿಯಾಗಿ ಅದರ ಎರಡು ಪಟ್ಟು ಇಟ್ಟರು. ಒಂದು ಚುಕ್ಕಿ ಹೊತ್ತಿ, ಪಕ್ಕದ್ದು ಆರಿ, ಮತ್ತೆ ಒಂದು ಹೊತ್ತಿ ಹೀಗೆ ಬಂದರೆ ಆ ಏರಿಳಿತವೇ 3.58ರ ಅಲೆಯಾಯಿತು. ಟಿವಿ ಅದನ್ನು ಬಣ್ಣ ಅಂತಲೇ ತಿಳಿಯಿತು. ಸರಿ ಸಂಖ್ಯೆಯ ಕಾಲಂ ಹೊತ್ತಿದರೆ ನೇರಳೆ, ಬೆಸ ಸಂಖ್ಯೆಯದು ಹೊತ್ತಿದರೆ ಹಸಿರು, ಎರಡೂ ಹೊತ್ತಿದರೆ ಬಿಳಿ. ಪ್ರತಿ ಬೈಟ್‌ನ ಏಳು ಬಿಟ್ ಚುಕ್ಕಿಗೆ, ಎಂಟನೆಯದು ಆ ಚುಕ್ಕಿಗಳನ್ನು ಅರ್ಧ ಹೆಜ್ಜೆ ಸರಿಸಲಿಕ್ಕೆ. ಸರಿಸಿದರೆ ನೇರಳೆ-ಹಸಿರು ಹೋಗಿ ನೀಲಿ-ಕಿತ್ತಳೆ ಬರುತ್ತದೆ. ಕಪ್ಪು ಸೇರಿ ಆರು ಬಣ್ಣ, ಬಣ್ಣಕ್ಕೆ ಅಂತ ಬೇರೆ ಮೆಮೊರಿ ಇಲ್ಲದೆ! ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ತೆಗೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಟಿವಿಯಲ್ಲಿ ಬರುವುದಿಲ್ಲ. ನಮ್ಮದು ಪಾಲ್ ಪದ್ಧತಿ, ಬಣ್ಣದ ಅಲೆ 4.43 ಮೆಗಾಹರ್ಟ್ಸ್. ತಾಳ ಕೂಡುವುದಿಲ್ಲ. ಎನ್‌ಟಿಎಸ್‌ಸಿಯನ್ನೂ ಹಿಡಿಯುವ ಈಗಿನ ಟಿವಿಯಾದರೆ ಬರಬಹುದು. ಎಮ್ಯುಲೇಟರ್‌ನಲ್ಲಿ ನೋಡುವುದು ಸುಲಭ.

ಪ್ರಶ್ನೆ: ಅಟ್ಟದ ಮೇಲೆ ಹಳೆಯ ಸ್ಪೆಕ್ಟ್ರಮ್ ಪ್ಲಸ್ ಸಿಕ್ಕಿತು. ಟಿವಿಗೆ ಹಾಕಿದರೆ ಚಿತ್ರ ಬಂತು, ಆದರೆ ಬರೀ ಕಪ್ಪು-ಬಿಳುಪು. ಮನೆ ಕಡಲಿನ ಹತ್ತಿರ. ರಿಪೇರಿ ಆಗುತ್ತದಾ? (ಅಂಕೋಲಾ)

ಉತ್ತರ: ಚಿತ್ರ ಬಂದಿದೆ ಅಂದರೆ ಅರ್ಧ ಗೆದ್ದ ಹಾಗೆ. ಪ್ರೊಸೆಸರ್, ಮೆಮೊರಿ ಎಲ್ಲ ಜೀವಂತ ಇವೆ. ಸ್ಪೆಕ್ಟ್ರಮ್ ಪ್ಲಸ್ ಅನ್ನು ಡೆಸಿಬೆಲ್ಸ್ ಕಂಪನಿ ಲೈಸೆನ್ಸ್ ಪಡೆದು ನಮ್ಮ ದೇಶದಲ್ಲೂ ಮಾರಿತ್ತು, ಹೆಸರು ಡಿಬಿ ಸ್ಪೆಕ್ಟ್ರಮ್ ಪ್ಲಸ್. ನಿಮ್ಮದು ಅದೂ ಇರಬಹುದು, ಮೇಲಿನ ಹೆಸರು ನೋಡಿ.

ಮೊದಲು ಅಡಾಪ್ಟರ್. ಅದು 9 ವೋಲ್ಟ್, ಆದರೆ ಪಿನ್‌ನ ಒಳಗಡೆ ಋಣ, ಹೊರಗಡೆ ಧನ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್ ಇದಕ್ಕೆ ಉಲ್ಟಾ. ಸುಮ್ನೆ 9 ವೋಲ್ಟ್ ಅಂತ ಬೇರೆಯದನ್ನು ಚುಚ್ಚಿದರೆ ಬೋರ್ಡ್ ಸುಡುತ್ತದೆ. ಹಳೆಯದನ್ನೇ ಬಳಸುತ್ತಿದ್ದರೆ ಅದನ್ನೂ ಒಮ್ಮೆ ಮೀಟರ್ ಹಚ್ಚಿ ನೋಡಿಸಿ.

ಆಮೇಲೆ ಟಿವಿ. ಮೆನುವಿನಲ್ಲಿ ಕಲರ್ ಸಿಸ್ಟಂ ಅಂತ ಇರುತ್ತದೆ. ಅದನ್ನು ಆಟೋ ಬಿಟ್ಟು ಪಾಲ್‌ಗೆ ಇಡಿ. ಎಷ್ಟೋ ಸಲ ಇಷ್ಟಕ್ಕೇ ಬಣ್ಣ ಬರುತ್ತದೆ. ಸ್ಪೆಕ್ಟ್ರಮ್ ತನ್ನ ಚಿತ್ರ ಕಳಿಸುವುದು ಯುಎಚ್ಎಫ್ 36ನೇ ಚಾನೆಲ್‌ನಲ್ಲಿ, ಸುಮಾರು 591 ಮೆಗಾಹರ್ಟ್ಸ್. ತಾನಾಗಿ ಹುಡುಕುವ ಬದಲು ಕೈಯಿಂದ ಟ್ಯೂನ್ ಮಾಡಿ, ಗೆರೆ ಚೊಕ್ಕವಾಗುವವರೆಗೆ ಸ್ವಲ್ಪ ಸ್ವಲ್ಪವೇ ಸರಿಸಿ. ಟ್ಯೂನಿಂಗ್ ಸ್ವಲ್ಪ ತಪ್ಪಿದರೂ ಚಿತ್ರ ಉಳಿಯುತ್ತದೆ, ಬಣ್ಣ ಮೊದಲು ಹೋಗುತ್ತದೆ.

ಅದಕ್ಕೂ ಬಾರದಿದ್ದರೆ ಉಪ್ಪು ಗಾಳಿಯ ಕೆಲಸ ಇರಬೇಕು. ನಮ್ಮ ಕರಾವಳಿಯಲ್ಲಿ ನಾಲ್ಕು ತಿಂಗಳ ಮಳೆ, ಉಳಿದ ದಿನ ಉಪ್ಪಿನ ತೇವ. ಆಂಟೆನಾ ವೈರಿನ ತುದಿ, ಅದು ಕೂರುವ ಸಾಕೆಟ್ ಎರಡರಲ್ಲೂ ಹಸಿರು ಕಿಲುಬು ಹಿಡಿದಿರುತ್ತದೆ. ಕರೆಂಟ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ. ಸೀಮೆಎಣ್ಣೆ ಬೇಡ. ವೈರ್ ಹೊಸದು ಹಾಕಿದರೆ ಇನ್ನೂ ಒಳ್ಳೆಯದು, ದೊಡ್ಡ ಖರ್ಚಲ್ಲ.

ಒಳಗೆ ನೋಡುವುದಾದರೆ ಬಣ್ಣದ ಅಲೆ ಹುಟ್ಟಿಸುವುದು 4.43 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್. ಅದನ್ನು ಚಿತ್ರಕ್ಕೆ ಬೆರೆಸುವುದು ಎಲ್ಎಂ1889 ಎಂಬ ಚಿಪ್. ಅಲೆ ಸ್ವಲ್ಪ ಆಚೀಚೆ ಸರಿದರೂ ಟಿವಿ ಬಣ್ಣವನ್ನೇ ಆರಿಸಿ ಕಪ್ಪು-ಬಿಳುಪು ತೋರಿಸುತ್ತದೆ, ನಿಮಗೆ ಆಗಿರುವುದು ಅದೇ ಇರಬಹುದು. ಆ ಭಾಗದ ಬೆಸುಗೆ ಒಣಗಿದೆಯಾ, ಬೂಷ್ಟು ಹಿಡಿದಿದೆಯಾ ನೋಡಬೇಕು. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಹೇಗೂ ಬದಲಿಸಬೇಕು. ಬೆಸುಗೆ ಹಾಕುವ ಅಭ್ಯಾಸ ಇಲ್ಲದಿದ್ದರೆ ನೀವು ಮುಟ್ಟಬೇಡಿ, ಟಿವಿ ರಿಪೇರಿಯ ಹಳಬರು ಅಂಕೋಲಾದಲ್ಲೋ ಕುಮಟಾದಲ್ಲೋ ಇದ್ದೇ ಇರುತ್ತಾರೆ, ಅವರ ಹತ್ತಿರ ಕೊಡಿ. ಕೊಡುವಾಗ ಚಿತ್ರ ಸರಿ ಇದೆ, ಬಣ್ಣ ಮಾತ್ರ ಇಲ್ಲ ಅಂತ ಬಿಡಿಸಿ ಹೇಳಿ, ಅವರಿಗೆ ಎಲ್ಲಿ ಹುಡುಕಬೇಕು ಅಂತ ಕೂಡಲೇ ಗೊತ್ತಾಗುತ್ತದೆ. ನೋಡುತ್ತಿರುವುದು ಹಳೆಯ ಡಬ್ಬಾ ಟಿವಿಯಾದರೆ ಅದರ ಹಿಂಬದಿಯನ್ನು ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರುತ್ತದೆ.

ರಿಪೇರಿಯಾಗಿ ಬಂದ ಮೇಲೆ ಅಟ್ಟಕ್ಕೆ ಹಾಕಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಮಳೆಗಾಲದಲ್ಲಿ ಆಗಾಗ ಹೊರಗೆ ತೆಗೆದು ಸ್ವಲ್ಪ ಹೊತ್ತು ಓಡಿಸಿ.